ರಣಹದ್ದಿನ ಚಿತ್ರವನ್ನೇಕೆ ಬರೆಯಬೇಕು?

ಜೂನ್ ತಿಂಗಳ ಪರಿಸರ ದಿನದಂದು ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳಿಗಾಗಿ ಚಿತ್ರಕಲಾ ಸ್ಪರ್ಧೆಯನ್ನು ಏರ್ಪಡಿಸುವುದು ಈಗ ವಾಡಿಕೆಯಾಗಿದೆ. ದೇವರ ಸೃಷ್ಟಿಯನ್ನು ಕಾಪಾಡುವ ಬಗ್ಗೆ ಒಂದು ಚಿತ್ರ ಬರೆಯಿರಿ ಎಂದರೆ ಸಾಕು, ಬಿಳಿಯ ಹಾಳೆಯ ಮೇಲೆ ನವಿಲು ಗರಿ ಬಿಚ್ಚುತ್ತದೆ, ಗಿಳಿ ಮಾವಿನ ಕೊಂಬೆಯ ಮೇಲೆ ಬಂದು ಕೂರುತ್ತದೆ, ಪಾರಿವಾಳ ಎಲೆಯೊಂದನ್ನು ಕಚ್ಚಿಕೊಂಡು ಹಾರುತ್ತದೆ. ಎಲ್ಲವೂ ಚೆಲುವಾದ ಹಕ್ಕಿಗಳೇ. ಆದರೆ ಇವುಗಳಲ್ಲಿ ಯಾವುದೂ ಅಳಿವಿನ ಅಂಚಿನಲ್ಲಿಲ್ಲ. ನಿಜವಾಗಿಯೂ ಆ ಅಂಚಿಗೆ ಬಂದು ನಿಂತಿರುವ ಹಕ್ಕಿ ಬೇರೆಯೇ ಇದೆ. ಅದರ ತಲೆ ಬೋಳು, ಕತ್ತು ಉದ್ದ, ನಡಿಗೆ ಒರಟು, ಆಹಾರವೋ ಸತ್ತ ದನ. ಅದನ್ನು ಬರೆಯುವ ಮಗು ಅಪರೂಪ. ಬರೆದರೂ ಬಹುಮಾನ ಕೊಡುವ ತೀರ್ಪುಗಾರರು ಇನ್ನೂ ಅಪರೂಪವೇನೋ!

ನಮ್ಮ ದೇಶದಲ್ಲೂ ಹೊರದೇಶಗಳಲ್ಲೂ ಕೆಲವು ಕಲಾವಿದರು ಹದ್ದು, ಗಿಡುಗ, ಡೇಗೆ, ರಣಹದ್ದು ಮುಂತಾದ ಬೇಟೆಹಕ್ಕಿಗಳನ್ನೇ ಆರಿಸಿಕೊಂಡು ಚಿತ್ರಿಸುತ್ತಾರೆ. ಜನರಲ್ಲಿ ಪರಿಸರದ ಅರಿವು ಮೂಡಿಸುವುದು ಅವರ ಉದ್ದೇಶ. ಈ ಉದ್ದೇಶವನ್ನು ಹೊಗಳುವುದು ಸುಲಭ. ಆದರೆ ಅದರ ಹಿಂದೆ ಕೆಲವು ಕಠಿಣವಾದ ಪ್ರಶ್ನೆಗಳಿವೆ. ಚಿತ್ರ ನೋಡಿ ಮೂಡುವ ಮರುಕಕ್ಕೆ ನೈತಿಕವಾದ ಬೆಲೆ ಇದೆಯೇ, ಇಲ್ಲವೇ ಅದು ಮಾಡಬೇಕಾದ ಕೆಲಸಕ್ಕೆ ಬದಲಿಯಾಗಿ ನಮ್ಮ ಮನಸ್ಸನ್ನು ಸಮಾಧಾನಪಡಿಸುವ ಒಂದು ಉಪಾಯವೇ? ಚೆಲುವಿಲ್ಲದ ಜೀವಿಯನ್ನು ಪ್ರೀತಿಸಬೇಕಾದರೆ ಮೊದಲು ಅದನ್ನು ಚೆಲುವಾಗಿ ತೋರಿಸಲೇಬೇಕೇ? ಪ್ರಭುವಿನ ಸೃಷ್ಟಿಯನ್ನು ನಂಬುವ ನಮಗೆ ಈ ಪ್ರಶ್ನೆಗಳು ಕೇವಲ ಕಲೆಯ ಪ್ರಶ್ನೆಗಳಾಗಿ ಉಳಿಯುವುದಿಲ್ಲ.

ಮೊದಲು ಪವಿತ್ರ ಗ್ರಂಥದತ್ತ ನೋಡೋಣ. ಇಸ್ರಯೇಲರನ್ನು ಈಜಿಪ್ಟಿನಿಂದ ಹೊರತಂದ ಬಗೆಯನ್ನು ಸರ್ವೇಶ್ವರ ಮೋಶೆಗೆ ವಿವರಿಸುವಾಗ ಹಕ್ಕಿಯೊಂದರ ರೆಕ್ಕೆಗಳ ಉಪಮೆಯನ್ನು ಬಳಸುತ್ತಾನೆ (ವಿಮೋಚನಕಾಂಡ 19). ಸರ್ವೇಶ್ವರನನ್ನು ಎದುರುನೋಡುವವರು ಹೊಸ ಬಲ ಪಡೆದು ಮೇಲೇರುವುದನ್ನು ಹೇಳುವಾಗ ಪ್ರವಾದಿ ಯೆಶಾಯನಿಗೂ ಅದೇ ಹಕ್ಕಿ ನೆನಪಾಗುತ್ತದೆ. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ‘ನೆಶೆರ್’. ನಮ್ಮ ಭಾಷಾಂತರಗಳಲ್ಲಿ ಅದನ್ನು ಹದ್ದು ಎಂದು ಓದುತ್ತೇವೆ, ಓದುವಾಗ ಚಿನ್ನದ ಕಣ್ಣಿನ ಗಂಭೀರವಾದ ಪಕ್ಷಿರಾಜನನ್ನು ಕಲ್ಪಿಸಿಕೊಳ್ಳುತ್ತೇವೆ. ಆದರೆ ಪ್ರವಾದಿ ಮೀಕನು ತನ್ನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ದುಃಖಿಸುವ ಜನರಿಗೆ ತಲೆ ಬೋಳಿಸಿಕೊಳ್ಳಲು ಹೇಳುವಾಗಲೂ ನೆಶೆರ್ ಹಕ್ಕಿಯನ್ನೇ ಉದಾಹರಿಸುತ್ತಾನೆ. ಹದ್ದಿನ ತಲೆ ಬೋಳಲ್ಲ. ಬೋಳಾಗಿ ಕಾಣುವುದು ರಣಹದ್ದಿನ ತಲೆ. ಆದ್ದರಿಂದ ನೆಶೆರ್ ಎಂಬುದು ಬಹುಮಟ್ಟಿಗೆ ಗ್ರಿಫನ್ ರಣಹದ್ದು ಎಂಬುದು ಅನೇಕ ಬೈಬಲ್ ವಿದ್ವಾಂಸರ ಅಭಿಪ್ರಾಯ. ಆ ಹಕ್ಕಿ ಇಂದಿಗೂ ಪವಿತ್ರ ನಾಡಿನ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ.

ಹಾಗಿದ್ದರೆ ನಾವು ಮಾಡಿರುವುದೇನು? ರೆಕ್ಕೆಗಳ ಮಾತು ಬಂದಾಗ ಆ ಹಕ್ಕಿಗೆ ಹದ್ದಿನ ಪಟ್ಟ ಕಟ್ಟಿದೆವು. ಹೆಣವಿದ್ದಲ್ಲಿ ಹಕ್ಕಿಗಳು ನೆರೆಯುತ್ತವೆ ಎಂದು ಯೇಸುಸ್ವಾಮಿ ಹೇಳಿದ ಮಾತು (ಮತ್ತಾಯ 24) ಬಂದಾಗ ಮಾತ್ರ ನಮಗೆ ರಣಹದ್ದು ನೆನಪಾಯಿತು. ಹೊಗಳಿಕೆ ಒಂದಕ್ಕೆ, ಹೇಸಿಗೆ ಇನ್ನೊಂದಕ್ಕೆ! ದಿನಪತ್ರಿಕೆಗಳಲ್ಲಿ ಬಡ್ಡಿಕೋರರನ್ನೂ ಭೂಗಳ್ಳರನ್ನೂ ಬಯ್ಯಬೇಕಾದಾಗ ‘ರಣಹದ್ದುಗಳಂತೆ’ ಎಂದು ಬರೆಯುವುದು ರೂಢಿ. ಈ ಹೋಲಿಕೆಯಲ್ಲಿ ಅನ್ಯಾಯವಿದೆ. ಬಡ್ಡಿಕೋರ ಬದುಕಿರುವವನನ್ನು ಹಿಂಡುತ್ತಾನೆ, ರಣಹದ್ದು ಸಾಮಾನ್ಯವಾಗಿ ಬದುಕಿರುವ ಪ್ರಾಣಿಯ ತಂಟೆಗೆ ಹೋಗುವುದಿಲ್ಲ. ಬೇಟೆಹಕ್ಕಿಗಳ ಕುಲದಲ್ಲಿ ಹುಟ್ಟಿಯೂ ಬೇಟೆಯಾಡದೆ, ಸತ್ತದ್ದನ್ನು ಮಾತ್ರ ತಿಂದು ಬದುಕುವ ಹಕ್ಕಿ ಅದು.

ಈ ಹಕ್ಕಿಗೆ ಒದಗಿದ ವಿಪತ್ತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಇದರಲ್ಲಿ ಬೇಟೆಗಾರನಿಲ್ಲ, ಕಳ್ಳಸಾಗಣೆದಾರನಿಲ್ಲ, ಕ್ರೂರಿಯೂ ಇಲ್ಲ.

ಒಂದು ಕಾಲಕ್ಕೆ ಭಾರತದ ಹಳ್ಳಿಹಳ್ಳಿಯ ಆಕಾಶದಲ್ಲಿ ರಣಹದ್ದುಗಳಿದ್ದವು. ಊರ ಹೊರಗೆ ಎಸೆದ ದನದ ಹೆಣವನ್ನು ಅವು ಹಿಂಡಾಗಿ ಇಳಿದು ಅಲ್ಪಕಾಲದಲ್ಲೇ ಮೂಳೆಯ ಹಂದರವಾಗಿಸುತ್ತಿದ್ದವು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಅಧ್ಯಯನ ನಡೆಸುತ್ತಿದ್ದ ವಿಜ್ಞಾನಿ ವಿಭು ಪ್ರಕಾಶ್ ಅವರು ರಣಹದ್ದಿನ ಗೂಡುಗಳು ಬರಿದಾಗುತ್ತಿರುವುದನ್ನೂ ಹಕ್ಕಿಗಳು ಕತ್ತು ಜೋಲಿಸಿ ಕುಳಿತು ಸಾಯುತ್ತಿರುವುದನ್ನೂ ಗಮನಿಸಿದರು. ರೋಗವೇ, ಕೀಟನಾಶಕವೇ ಎಂದು ಹಲವು ವರ್ಷ ಹುಡುಕಾಟ ನಡೆಯಿತು. ಕೊನೆಗೆ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಪಾಕಿಸ್ತಾನದಲ್ಲಿ ನಡೆಸಿದ ಸಂಶೋಧನೆಯಿಂದ ಕಾರಣ ಬೆಳಕಿಗೆ ಬಂತು, 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವೂ ಆಯಿತು. ಆ ಕಾರಣದ ಹೆಸರು ಡೈಕ್ಲೊಫೆನಾಕ್. ಮೈಕೈ ನೋವಿಗೆಂದು ನಾವೂ ನುಂಗುವ ಮಾತ್ರೆ. ದನಗಳ ಊತಕ್ಕೂ ನೋವಿಗೂ ಅದನ್ನು ಚುಚ್ಚುಮದ್ದಾಗಿ ಕೊಡುತ್ತಿದ್ದರು. ಮದ್ದು ಪಡೆದು ಕೆಲವೇ ದಿನಗಳಲ್ಲಿ ಸತ್ತ ದನದ ಮಾಂಸವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಬಿಳಿಯ ಪುಡಿಯಂತೆ ಒಳಾಂಗಗಳ ಮೇಲೆ ಕೂಡಿಕೊಳ್ಳುತ್ತದೆ, ಹಕ್ಕಿ ಕೆಲವು ದಿನಗಳಲ್ಲಿ ಸಾಯುತ್ತದೆ. 1992ರಿಂದ 2007ರ ಒಳಗೆ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡ 99.9ರಷ್ಟು ಕುಸಿಯಿತು. ಉದ್ದ ಕೊಕ್ಕಿನ ರಣಹದ್ದು ಮತ್ತು ಅದರ ಹತ್ತಿರದ ಸಂಬಂಧಿಯಾದ ತೆಳು ಕೊಕ್ಕಿನ ರಣಹದ್ದು ಇವೆರಡೂ ಸೇರಿ ಸುಮಾರು ಶೇಕಡ 97ರಷ್ಟು ಕಡಿಮೆಯಾದವು. ಸಾವಿರಕ್ಕೆ ಒಂದು ಉಳಿಯಿತು ಎಂದರೆ ಏನೆಂದು ಒಮ್ಮೆ ಯೋಚಿಸಿ. ಭಾನುವಾರದ ಬಲಿಪೂಜೆಗೆ ಸಾವಿರ ಜನ ಸೇರುವ ದೇವಾಲಯದಲ್ಲಿ ಹದಿನೈದು ವರ್ಷಗಳ ಬಳಿಕ ಒಬ್ಬನೇ ಬಂದು ಕುಳಿತಂತೆ.

ಇದಕ್ಕಿಂತ ತೀಕ್ಷ್ಣವಾದ ಸಂಗತಿ ಇನ್ನೊಂದಿದೆ. ಇಂಥ ಕುಸಿತಕ್ಕೆ ಎಲ್ಲ ಹೆಣಗಳಲ್ಲೂ ವಿಷವಿರಬೇಕಾಗಿರಲಿಲ್ಲ. ರಣಹದ್ದುಗಳು ತಿನ್ನುವ ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ಹೆಣದಲ್ಲಿ ಈ ಮದ್ದಿನ ಅಂಶವಿದ್ದರೂ ಸಾಕು ಎಂದು ವಿಜ್ಞಾನಿಗಳು ಲೆಕ್ಕಹಾಕಿ ತೋರಿಸಿದರು. ರಣಹದ್ದುಗಳು ಗುಂಪಾಗಿ ಉಣ್ಣುವುದರಿಂದ ಒಂದೇ ಹೆಣ ಒಂದು ಹಿಂಡನ್ನೇ ತೆಗೆಯಬಲ್ಲದು. ನೂರು ಕೊಟ್ಟಿಗೆಗಳಲ್ಲಿ ತೊಂಬತ್ತೊಂಬತ್ತು ಕೊಟ್ಟಿಗೆಯವರು ಏನೂ ಮಾಡದಿದ್ದರೂ ಒಬ್ಬನ ಕೈಯಿಂದ ಆದದ್ದು ಇಷ್ಟು.

ಆ ಒಬ್ಬನಾದರೂ ಯಾರು? ಮುದಿ ಎತ್ತಿನ ಕಾಲು ಊದಿಕೊಂಡು ಅದು ಏಳಲಾರದೆ ನರಳುವುದನ್ನು ನೋಡಲಾರದೆ, ಕೈಯಲ್ಲಿದ್ದ ಅಲ್ಪಸ್ವಲ್ಪ ಹಣವನ್ನು ಖರ್ಚುಮಾಡಿ ದನದ ಡಾಕ್ಟರನ್ನು ಕರೆತಂದ ರೈತ. ಕರುಣೆಯುಳ್ಳವನು. ಎತ್ತನ್ನು ಕಟುಕರಿಗೆ ಮಾರದೆ, ಕೊನೆಯವರೆಗೆ ಸಾಕಿದವನು. ಅವನ ಕರುಣೆಯೇ ಆಕಾಶದ ಹಕ್ಕಿಗೆ ವಿಷವಾಯಿತು. ನಮ್ಮ ಧರ್ಮೋಪದೇಶದಲ್ಲಿ ಪಾಪಕ್ಕೆ ತಿಳಿವಳಿಕೆಯೂ ಸಮ್ಮತಿಯೂ ಬೇಕೆಂದು ಕಲಿತಿದ್ದೇವೆ. ಆ ಲೆಕ್ಕದಲ್ಲಿ ಆ ರೈತ ನಿರ್ದೋಷಿ. 2004ಕ್ಕೆ ಮೊದಲು ಮದ್ದು ಕೊಟ್ಟ ವೈದ್ಯನೂ ನಿರ್ದೋಷಿ. ಅಪರಾಧಿಯೇ ಇಲ್ಲದೆ ಇಷ್ಟು ದೊಡ್ಡ ನಾಶ ನಡೆದುಹೋಯಿತು. ಆದರೆ ಕಾರಣ ತಿಳಿದ ಮೇಲೆ? ಅಲ್ಲಿಂದಾಚೆಗೆ ಅಜ್ಞಾನದ ನೆರಳು ನಮ್ಮನ್ನು ಕಾಯುವುದಿಲ್ಲ. ‘ಅರಿವು ಮೂಡಿಸುವುದು’ ಎಂಬ ಸವೆದ ಮಾತಿಗೆ ನನಗೆ ಅರ್ಥ ಕಂಡದ್ದು ಇಲ್ಲಿಯೇ. ಅರಿವು ಎಂದರೆ ಬರಿಯ ಮಾಹಿತಿಯಲ್ಲ. ನಿರ್ದೋಷಿಯಾಗಿದ್ದವನನ್ನು ಹೊಣೆಗಾರನನ್ನಾಗಿ ಮಾಡುವ ಸಂಗತಿ ಅದು. ಅದಕ್ಕೇ ಇರಬೇಕು, ನಮ್ಮಲ್ಲಿ ಅನೇಕರಿಗೆ ಅರಿವು ಬೇಡವಾಗಿರುತ್ತದೆ.

ಈಗ ಚಿತ್ರಕಾರನ ವಿಷಯಕ್ಕೆ ಬರೋಣ. ಮೇಲಿನ ಕತೆಯನ್ನು ಚಿತ್ರಿಸುವುದು ಹೇಗೆ? ಆನೆಯ ದಂತ ಕಡಿಯುವವನನ್ನು ಬರೆಯಬಹುದು, ಕಾಡಿಗೆ ಬೆಂಕಿ ಇಡುವವನನ್ನು ಬರೆಯಬಹುದು. ಮದ್ದಿನ ಸೀಸೆಯನ್ನೂ ದಯೆಯ ಮುಖವನ್ನೂ ಬರೆದು ಇದೇ ಕೊಲೆ ಎಂದು ಹೇಳಲು ಯಾವ ಬಣ್ಣಕ್ಕೂ ಸಾಧ್ಯವಿಲ್ಲ. ಚಿತ್ರ ಕಾರಣವನ್ನು ತೋರಿಸಲಾರದು, ಹಕ್ಕಿಯನ್ನು ಮಾತ್ರ ತೋರಿಸಬಲ್ಲದು. ಅದು ಕಲೆಯ ಮಿತಿ. ಬಹುಶಃ ಅದರ ಬಲವೂ ಅಲ್ಲೇ ಇದೆ.

ನಮ್ಮ ದೇಶದಲ್ಲಿ ಹಕ್ಕಿಗಳನ್ನು ಹಕ್ಕಿಗಳಾಗಿಯೇ ನೋಡಿ ಬರೆದವರಲ್ಲಿ ಅಗ್ರಗಣ್ಯನೆಂದರೆ ಹದಿನೇಳನೆಯ ಶತಮಾನದ ಆದಿಯಲ್ಲಿ ಜಹಾಂಗೀರನ ಆಸ್ಥಾನದಲ್ಲಿದ್ದ ಉಸ್ತಾದ್ ಮನ್ಸೂರ್. ಅವನು ಬರೆದ ಸೈಬೀರಿಯಾದ ಬಿಳಿ ಕೊಕ್ಕರೆಯ ಚಿತ್ರ ಪ್ರಸಿದ್ಧವಾದುದು. ಆ ಕೊಕ್ಕರೆ ಚಳಿಗಾಲ ಕಳೆಯಲು ಭರತಪುರಕ್ಕೆ ಬರುತ್ತಿತ್ತು. 2002ರ ಬಳಿಕ ಅಲ್ಲಿ ಕಾಣಿಸಿಕೊಂಡಿಲ್ಲ. ಮನ್ಸೂರನದೆಂದು ಹೇಳಲಾಗುವ ಡೋಡೋ ಹಕ್ಕಿಯ ಚಿತ್ರವೊಂದು ರಷ್ಯದ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಡೋಡೋ ಆ ಶತಮಾನ ಮುಗಿಯುವುದರೊಳಗೇ ಭೂಮಿಯಿಂದ ಅಳಿಸಿಹೋಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಷಾಜಹಾನನ ಆಲ್ಬಮ್ಮಿನಲ್ಲಿ ಇನ್ನೊಂದು ಪುಟವಿದೆ. ಮನ್ಸೂರನ ಹೆಸರು ಅದರೊಂದಿಗೂ ಸೇರಿಕೊಂಡಿದೆ. ಅಲ್ಲಿ ಕೆಂಪು ತಲೆಯ ರಣಹದ್ದೊಂದೂ ಉದ್ದ ಕೊಕ್ಕಿನ ರಣಹದ್ದೊಂದೂ ಜೊತೆಯಾಗಿವೆ. ಅವೆರಡೂ ನಮ್ಮ ಕರ್ನಾಟಕದ ಹಕ್ಕಿಗಳೇ. ಮೊದಲನೆಯದು ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಇಂದಿಗೂ ಉಳಿದಿದೆ. ಎರಡನೆಯದು ರಾಮನಗರದ ರಾಮದೇವರಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುತ್ತ ಬಂದಿದೆ. ಎರಡೂ ಈಗ ತೀವ್ರ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿವೆ.

ಆ ಚಿತ್ರ ಬರೆದಾಗ ಯಾರಿಗೂ ‘ಅರಿವು ಮೂಡಿಸುವ’ ಉದ್ದೇಶವಿರಲಿಲ್ಲ. ರಣಹದ್ದುಗಳು ಆಗ ಹೇರಳವಾಗಿದ್ದವು. ಸಾಮ್ರಾಟನ ಆಲ್ಬಮ್ಮಿನಲ್ಲಿ ಹೂವಿನ ಅಂಚುಪಟ್ಟಿಯ ನಡುವೆ, ಹೆಣ ತಿನ್ನುವ ಎರಡು ಹಕ್ಕಿಗಳಿಗೆ ಜಾಗ ಸಿಕ್ಕಿತೆಂದರೆ ಕಾರಣ ಒಂದೇ: ಅವೂ ನೋಡತಕ್ಕವು ಎಂದು ಒಬ್ಬನಿಗೆ ಅನ್ನಿಸಿತು. ಅಳಿಯುತ್ತಿದೆ ಎಂಬ ಕಾರಣಕ್ಕೆ ನೋಡುವುದು ಬೇರೆ, ಇದೆ ಎಂಬ ಕಾರಣಕ್ಕೆ ನೋಡುವುದು ಬೇರೆ. ಎರಡನೆಯದು ಸೃಷ್ಟಿಕರ್ತನ ನೋಟಕ್ಕೆ ಹತ್ತಿರವಾದದ್ದು. ಆದಿಕಾಂಡದಲ್ಲಿ ಹಕ್ಕಿಗಳನ್ನು ಸೃಷ್ಟಿಸಿದ ದೇವರು ಅವುಗಳನ್ನು ನೋಡಿ ಒಳ್ಳೆಯದೆಂದು ಕಂಡನಲ್ಲವೇ? ಆ ದಿನ ಇನ್ನೂ ಮನುಷ್ಯನೇ ಹುಟ್ಟಿರಲಿಲ್ಲ. ಹಕ್ಕಿಯಿಂದ ಉಪಯೋಗ ಪಡೆಯುವವರಾಗಲಿ, ಹಕ್ಕಿಗೆ ಹೇಸುವವರಾಗಲಿ ಯಾರೂ ಇರಲಿಲ್ಲ.

ಚಿತ್ರಕಾರನ ಪ್ರೀತಿಯೂ ಯಾವಾಗಲೂ ನಿರಪಾಯವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕದ ಹಕ್ಕಿಗಳನ್ನು ಬರೆದು ಜಗತ್ಪ್ರಸಿದ್ಧನಾದ ಜಾನ್ ಜೇಮ್ಸ್ ಆಡುಬಾನ್ ತಾನು ಬರೆಯಬೇಕಾದ ಹಕ್ಕಿಗಳನ್ನು ಗುಂಡಿಟ್ಟು ಕೊಂದು, ತಂತಿಗಳಿಂದ ಹಲಗೆಗೆ ಬಿಗಿದು, ಜೀವಂತವಿರುವಂತೆ ನಿಲ್ಲಿಸಿ ಬರೆಯುತ್ತಿದ್ದ. 1833ರಲ್ಲಿ ಅವನು ಬಾಸ್ಟನ್ ನಗರದಲ್ಲಿ ಜೀವಂತವಾದ ಸುವರ್ಣ ಹದ್ದೊಂದನ್ನು ಕೊಂಡುತಂದ. ಅದರ ಕಣ್ಣುಗಳನ್ನು ನೋಡಿ ಬಿಟ್ಟುಬಿಡಲೇ ಎಂದು ಅವನಿಗೂ ಅನ್ನಿಸಿತ್ತಂತೆ. ಆದರೂ ಚಿತ್ರದ ಆಸೆ ಗೆದ್ದಿತು. ಇದ್ದಿಲಿನ ಹೊಗೆಯಿಂದ ಉಸಿರುಕಟ್ಟಿಸಲು ಯತ್ನಿಸಿದ, ಹದ್ದು ಸಾಯಲಿಲ್ಲ. ಕೊನೆಗೆ ಎದೆಗೆ ಇರಿದು ಕೊಂದು, ದಿನಗಟ್ಟಲೆ ಕುಳಿತು ಬರೆದ. ಆ ಚಿತ್ರದ ಮೂಲೆಯಲ್ಲಿ, ಕಂದರದ ಮೇಲೆ ಅಡ್ಡಬಿದ್ದ ಮರದ ಕಾಂಡವನ್ನು ತೆವಳಿ ದಾಟುತ್ತಿರುವ ಪುಟ್ಟ ಬೇಟೆಗಾರನೊಬ್ಬನಿದ್ದಾನೆ. ಅದು ಆಡುಬಾನನೇ ಎಂದು ಹಲವರು ಹೇಳುತ್ತಾರೆ. ಅಚ್ಚಿನಲ್ಲಿ ಚಿತ್ರ ಹೊರಬಂದಾಗ ಆ ಮನುಷ್ಯನನ್ನು ತೆಗೆದುಹಾಕಲಾಗಿತ್ತು, ಹದ್ದು ಮಾತ್ರ ಉಳಿದಿತ್ತು. ಕೊಂಡುಕೊಂಡವರು ಸುಂದರವಾದ ಹದ್ದನ್ನು ನೋಡಿದರು. ಅದರ ಬೆಲೆಯನ್ನು ಯಾರು ತೆತ್ತರೆಂಬುದು ಅವರಿಗೆ ಕಾಣಲಿಲ್ಲ. ನಮ್ಮ ಕಾಲದ ಕಲಾವಿದರಿಗೆ ದೂರದರ್ಶಕವಿದೆ, ಛಾಯಾಚಿತ್ರವಿದೆ, ಕೊಲ್ಲಬೇಕಾಗಿಲ್ಲ. ಆದರೆ ಪ್ರತಿ ಚಂದದ ಚಿತ್ರವನ್ನು ನೋಡುವಾಗಲೂ, ಅದರ ಮೂಲೆಯಿಂದ ಯಾರನ್ನು ಅಳಿಸಲಾಗಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ. ರಣಹದ್ದಿನ ಚಿತ್ರದಲ್ಲಿ ಅಳಿಸಿಹೋಗಿರುವವರು ಬಹುಶಃ ನಾವೇ.

ಆಡುಬಾನನ ಗೆಳೆಯನೊಬ್ಬನ ಪ್ರಸಂಗವೂ ಇಲ್ಲಿಗೆ ಹೊಂದುತ್ತದೆ. ಜಾನ್ ಬ್ಯಾಕ್‌ಮನ್ ಎಂಬ ಲೂಥರನ್ ಪಾದ್ರಿ ಚಾರ್ಲ್ಸ್‌ಟನ್ ನಗರದಲ್ಲಿದ್ದರು. ಅಲ್ಲಿನ ರಣಹದ್ದುಗಳು ಆಹಾರವನ್ನು ಮೂಗಿನಿಂದ ಪತ್ತೆಹಚ್ಚುತ್ತವೆಯೋ ಕಣ್ಣಿನಿಂದಲೋ ಎಂಬ ವಾದ ಆಗ ಜೋರಾಗಿ ನಡೆಯುತ್ತಿತ್ತು. ಚರ್ಮ ಸುಲಿದು ಹೊಟ್ಟೆ ಸೀಳಿದ ಕುರಿಯ ಚಿತ್ರವೊಂದನ್ನು ಒರಟಾಗಿ ಬರೆಯಿಸಿ ಪಾದ್ರಿಗಳು ಅದನ್ನು ನೆಲದ ಮೇಲೆ ಹಾಸಿಟ್ಟರು. ಹಕ್ಕಿಗಳು ಇಳಿದುಬಂದವು, ಚಿತ್ರದ ಮೇಲೆ ನಡೆದಾಡಿದವು, ಕೊಕ್ಕಿನಿಂದ ಎಳೆದು ನೋಡಿದವು. ಏನೂ ಸಿಗದಿದ್ದಾಗ ಹಾರಿಹೋದವು. ಇದನ್ನು ಓದಿದಾಗಲೆಲ್ಲ ನನಗೆ ನಗುವಿನ ಜೊತೆ ಒಂದು ನಾಚಿಕೆಯೂ ಆಗುತ್ತದೆ. ಚಿತ್ರದಿಂದ ಹೊಟ್ಟೆ ತುಂಬುವುದಿಲ್ಲವೆಂದು ರಣಹದ್ದಿಗೆ ಬೇಗ ತಿಳಿಯಿತು. ನಮಗೆ ಮಾತ್ರ ಚಿತ್ರದಿಂದಲೇ ತೃಪ್ತಿಯಾಗುತ್ತದೆ. ಗೋಡೆಯ ಮೇಲೆ ಹುಲಿಯ ಚಿತ್ರ ಬರೆದರೆ ಹುಲಿ ಉಳಿಯಿತು, ಸಸಿ ನೆಡುವ ಫೋಟೊ ತೆಗೆಸಿದರೆ ಕಾಡು ಬೆಳೆಯಿತು! ಒಳ್ಳೆಯ ಭಾವನೆ ಬಂದದ್ದೇ ಒಳ್ಳೆಯ ಕೆಲಸ ಮಾಡಿದಂತೆ ಎಂದು ನಂಬುವ ಹೃದಯಕ್ಕೆ ಸಂತ ಯಕೋಬನು ತನ್ನ ಪತ್ರದಲ್ಲಿ ಹೇಳಿದ್ದು ಸಾಕು: ಚಳಿಯಲ್ಲಿರುವವನಿಗೆ ಬೆಚ್ಚಗಿರು ಎಂದು ಹಾರೈಸಿ ಕಳಿಸುವ ವಿಶ್ವಾಸದಿಂದ ಪ್ರಯೋಜನವಿಲ್ಲ.

ಹಾಗಾದರೆ ಚಿತ್ರ ಬೇಡವೇ? ಬೇಡವೆನ್ನುವವರೂ ಇದ್ದಾರೆ. ಅವರ ವಾದ ಹೀಗೆ: ಡೈಕ್ಲೊಫೆನಾಕನ್ನು ತಡೆದದ್ದು ಚಿತ್ರವಲ್ಲ, ಕಾನೂನು. 2006ರಲ್ಲಿ ಭಾರತ ಸರ್ಕಾರ ಅದರ ಪಶುಬಳಕೆಯನ್ನು ನಿಲ್ಲಿಸಿತು. ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವುದು ಮುಂದುವರಿದಾಗ 2015ರಲ್ಲಿ ಆ ಸೀಸೆಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ಅಷ್ಟೇ ಅಪಾಯಕಾರಿಯೆಂದು ಕಂಡುಬಂದ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳನ್ನು ಪಶುಗಳಿಗೆ ಬಳಸುವುದನ್ನು 2023ರಲ್ಲಿ ನಿಷೇಧಿಸಲಾಯಿತು. ಹರಿಯಾಣದ ಪಿಂಜೋರಿನಲ್ಲಿ ರಣಹದ್ದುಗಳನ್ನು ಸಾಕಿ ಮರಿಮಾಡಿಸುವ ಕೇಂದ್ರ ನಡೆಯುತ್ತಿದೆ. ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಇವೆಲ್ಲ ವಿಜ್ಞಾನಿಗಳ, ಅಧಿಕಾರಿಗಳ ಕೆಲಸ. ಬಣ್ಣದ ಕುಂಚಕ್ಕೆ ಇಲ್ಲೇನು ಪಾಲು?

ಈ ವಾದದಲ್ಲಿ ಹುರುಳಿದೆ. ಆದರೆ ಅದೇ ವಾದದ ನಡುವೆ ಒಂದು ಬಿರುಕೂ ಇದೆ. ನಿಷೇಧವಾಗಿ ಒಂಬತ್ತು ವರ್ಷಗಳ ನಂತರವೂ ಸೀಸೆಯ ಅಳತೆಯನ್ನು ಇಳಿಸಬೇಕಾಗಿ ಬಂದದ್ದೇಕೆ? ಕಾನೂನು ದೆಹಲಿಯಲ್ಲಿ ಹುಟ್ಟುತ್ತದೆ, ಅದು ಬದುಕಬೇಕಾದ್ದು ಹಳ್ಳಿಯ ಔಷಧದ ಅಂಗಡಿಯಲ್ಲಿ ಮತ್ತು ದನದ ಕೊಟ್ಟಿಗೆಯಲ್ಲಿ. ಅಲ್ಲಿ ಪೊಲೀಸರಿಲ್ಲ. ಅಲ್ಲಿ ನಿರ್ಧಾರ ಮಾಡುವುದು ಒಬ್ಬ ರೈತ, ಒಬ್ಬ ಡಾಕ್ಟರು, ಒಬ್ಬ ಅಂಗಡಿಯಾತ. ಅವರ ಮನಸ್ಸಿನಲ್ಲಿ ಆ ಹಕ್ಕಿಗೆ ಒಂದು ಮುಖವಿಲ್ಲದಿದ್ದರೆ ಕಾನೂನು ಬರಿಯ ಕಾಗದ. ನೂರಕ್ಕೆ ಒಂದು ಹೆಣದ ಲೆಕ್ಕವನ್ನು ಮತ್ತೆ ನೆನಪಿಸಿಕೊಳ್ಳಿ. ತೊಂಬತ್ತೊಂಬತ್ತು ಜನ ಪಾಲಿಸಿದರೂ ಸಾಲದು. ಎಲ್ಲರನ್ನೂ ಮುಟ್ಟಬೇಕಾದ ಇಂಥ ವಿಷಯದಲ್ಲಿ ಚಿತ್ರಕ್ಕೆ, ಪಾಠಕ್ಕೆ, ಪ್ರಬೋಧನೆಗೆ ಖಂಡಿತವಾಗಿಯೂ ಪಾಲಿದೆ.

ಆದರೆ ಎಂಥ ಚಿತ್ರ? ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಜನಕ್ಕೆ ಹಿಡಿಸಲಿ ಎಂದು ರಣಹದ್ದನ್ನು ಹದ್ದಿನಂತೆ ಬರೆಯುವ ಚಿತ್ರ ಸುಳ್ಳು ಚಿತ್ರ. ಸೂರ್ಯಾಸ್ತದ ಹಿನ್ನೆಲೆಯಲ್ಲಿ ರೆಕ್ಕೆ ಚಾಚಿದ ಕಪ್ಪು ನೆರಳನ್ನು ಬರೆದು, ಬೋಳುತಲೆಯನ್ನು ಮರೆಸಿ, ಹೆಣವನ್ನು ಚೌಕಟ್ಟಿನಿಂದ ಹೊರಗಿಟ್ಟರೆ ನಾವು ಪ್ರೀತಿಸುವುದು ರಣಹದ್ದನ್ನಲ್ಲ, ಬೇರೆಯದನ್ನು. ಆ ತಲೆ ಬೋಳಾಗಿರುವುದು ಕೊರತೆಯಲ್ಲ. ಹೆಣದ ಒಳಗೆ ಕತ್ತು ತೂರಿಸಿ ಉಣ್ಣಬೇಕಾದ ಹಕ್ಕಿಗೆ ತಲೆಯ ಮೇಲೆ ದಟ್ಟ ಗರಿಗಳಿದ್ದರೆ ರಕ್ತ, ಕೊಳಕು ಅಂಟಿಕೊಳ್ಳುತ್ತದೆ. ಬೋಳುಚರ್ಮ ಬಿಸಿಲಿಗೂ ಚಳಿಗೂ ಮೈಯ ಶಾಖವನ್ನು ಹದವಾಗಿಡಲು ನೆರವಾಗುತ್ತದೆ. ಅದರ ಜಠರದ ಆಮ್ಲ ನಮ್ಮದಕ್ಕಿಂತ ಪ್ರಖರ. ಕೊಳೆತ ಮಾಂಸದ ಬಹುಪಾಲು ರೋಗಾಣುಗಳು ಅಲ್ಲಿ ಸಾಯುತ್ತವೆ. ನಾವು ಕುರೂಪವೆಂದು ಮುಖ ತಿರುಗಿಸುವ ಆ ಲಕ್ಷಣಗಳೇ ಅದು ಮಾಡುವ ಸೇವೆಯ ಗುರುತುಗಳು. ಶುಭಶುಕ್ರವಾರದಂದು ನಾವು ಓದಿಸಿ ಕೇಳುವ ಯೆಶಾಯನ ಗ್ರಂಥದ ನೊಂದ ಸೇವಕನಲ್ಲೂ ನೋಡತಕ್ಕ ಚೆಲುವಿರಲಿಲ್ಲ, ಜನ ಅವನಿಂದ ಮುಖ ಮರೆಸಿಕೊಂಡರು. ಹಕ್ಕಿಯನ್ನು ಪ್ರಭುವಿಗೆ ಹೋಲಿಸುವ ಸಾಹಸ ನನ್ನದಲ್ಲ. ಆದರೆ ಶಿಲುಬೆಯನ್ನು ಮನೆಯ ಗೋಡೆಗೆ ತೂಗುಹಾಕಿಕೊಂಡಿರುವ ನಾವು, ಚೆಲುವಿದ್ದದ್ದಕ್ಕೆ ಮಾತ್ರ ಪ್ರೀತಿ ಸಲ್ಲಬೇಕು ಎಂದು ಹೇಳುವ ಹಕ್ಕನ್ನು ಎಂದೋ ಕಳೆದುಕೊಂಡವರು.

ಚಿತ್ರ ಹಕ್ಕಿಯ ಭೀಕರತೆಯನ್ನೂ ಮರೆಸಬಾರದು. ಸಮುವೇಲನ ಎರಡನೆಯ ಗ್ರಂಥದ 21ನೇ ಅಧ್ಯಾಯದಲ್ಲಿ ಸೌಲನ ಉಪಪತ್ನಿ ರಿಚ್ಪಾ ಎಂಬಾಕೆಯ ಕತೆ ಬರುತ್ತದೆ. ಗಲ್ಲಿಗೇರಿದ ಇಬ್ಬರು ಮಕ್ಕಳ ಹೆಣಗಳ ಬಳಿ ಆಕೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಸುಗ್ಗಿಯ ಆರಂಭದಿಂದ ಮಳೆ ಬೀಳುವವರೆಗೆ, ಹಗಲಲ್ಲಿ ಹಕ್ಕಿಗಳನ್ನೂ ಇರುಳಲ್ಲಿ ಕಾಡುಮೃಗಗಳನ್ನೂ ಓಡಿಸುತ್ತ ಕುಳಿತಿದ್ದಳು. ಆ ತಾಯಿಗೆ ರಣಹದ್ದಿನ ಉಪಕಾರವನ್ನು ವಿವರಿಸಲು ಯಾರು ಧೈರ್ಯ ಮಾಡಿಯಾರು? ಸಾವಿನ ಮುಂದೆ ನಿಂತ ಮನುಷ್ಯನಿಗೆ ಆ ಹಕ್ಕಿಯ ಬಗ್ಗೆ ಹುಟ್ಟುವ ಭಯ ಅನಾಗರಿಕವಲ್ಲ. ಮುಂಬಯಿಯ ಪಾರ್ಸಿ ಬಂಧುಗಳು ಅದೇ ಹಕ್ಕಿಗೆ ತಮ್ಮ ಪ್ರಿಯರ ದೇಹವನ್ನು ಭಕ್ತಿಯಿಂದ ಒಪ್ಪಿಸುತ್ತ ಬಂದರು. ರಣಹದ್ದುಗಳು ಇಲ್ಲವಾದಾಗ ಅವರ ಮೌನಗೋಪುರಗಳ ಶತಮಾನಗಳ ಸಂಪ್ರದಾಯವೇ ಸಂಕಟಕ್ಕೆ ಸಿಲುಕಿತು. ಒಂದೇ ಹಕ್ಕಿ ಒಬ್ಬರಿಗೆ ಭಯ, ಒಬ್ಬರಿಗೆ ಧರ್ಮ. ಒಳ್ಳೆಯ ಚಿತ್ರದಲ್ಲಿ ಈ ಎರಡಕ್ಕೂ ಜಾಗವಿರುತ್ತದೆ.

ಇನ್ನು ಉಪಯೋಗದ ವಾದ. ‘ಮನುಷ್ಯರೇ ಹಸಿದಿರುವಾಗ ಹಕ್ಕಿಯ ಚಿಂತೆ ಯಾಕೆ?’ ಎಂಬ ಮಾತು ಸಭೆಗಳಲ್ಲಿ ಕೇಳಿಬರುವುದುಂಟು. ಅದಕ್ಕೆ ಲೆಕ್ಕದ ಉತ್ತರ ಸಿದ್ಧವಾಗಿದೆ. ರಣಹದ್ದುಗಳು ಹೋದ ಮೇಲೆ ಹೆಣಗಳು ಬಯಲಲ್ಲಿ ಕೊಳೆತವು, ನೀರು ಕೆಟ್ಟಿತು, ನಾಯಿಗಳು ಹೆಚ್ಚಿದವು, ಅವುಗಳೊಡನೆ ಹುಚ್ಚುನಾಯಿ ಕಡಿತವೂ ಹೆಚ್ಚಿತು. ಹೆಣದ ಮೂಳೆಗಳನ್ನು ಆಯ್ದು ಮಾರಿ ಬದುಕುತ್ತಿದ್ದ ಕಡುಬಡವರ ಜೀವನಕ್ಕೂ ಪೆಟ್ಟುಬಿತ್ತು. ರಣಹದ್ದುಗಳ ಕಣ್ಮರೆಯಿಂದಾಗಿ 2000ದಿಂದ 2005ರ ನಡುವಿನ ಅವಧಿಯಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಮಾನವ ಸಾವುಗಳು ಸಂಭವಿಸಿದವು ಎಂದು ಐಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಅಂದಾಜುಮಾಡಿದ್ದಾರೆ. ಅವರ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹಕ್ಕಿಯ ಪರವಾಗಿ ವಾದಿಸಲು ಇದಕ್ಕಿಂತ ಪ್ರಬಲವಾದ ಅಂಕಿ ಬೇಕಿಲ್ಲ.

ಆದರೂ ನನಗೆ ಈ ಉತ್ತರ ಅರ್ಧ ಮಾತ್ರ ಎನಿಸುತ್ತದೆ. ನಾಳೆ ಯಾರೋ ಹೆಣ ವಿಲೇವಾರಿಗೆ ಅಗ್ಗದ ಯಂತ್ರವೊಂದನ್ನು ಕಂಡುಹಿಡಿದರೆ ಆಗ ರಣಹದ್ದು ಅಳಿಯಬಹುದೇ? ಉಪಯೋಗವೇ ಬದುಕುವ ಹಕ್ಕಿನ ಅಳತೆಯಾದರೆ, ಆ ಅಳತೆಗೋಲು ಹಕ್ಕಿಯಲ್ಲಿಗೆ ನಿಲ್ಲುವುದಿಲ್ಲ. ಮನೆಯ ಮೂಲೆಯ ಮಂಚದ ಮೇಲಿರುವ ವೃದ್ಧರವರೆಗೂ ಬರುತ್ತದೆ. ಧರ್ಮಸಭೆಯ ಕಥೋಲಿಕ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಪ್ರಾಣಿಗಳು ತಾವು ಇರುವುದರಿಂದಲೇ ದೇವರಿಗೆ ಮಹಿಮೆ ಸಲ್ಲಿಸುತ್ತವೆ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ನಮ್ಮಿಂದಾಗಿ ಅಳಿದುಹೋಗುವ ಜೀವರಾಶಿಗಳು ಆ ಮಹಿಮೆಯನ್ನು ಇನ್ನು ಸಲ್ಲಿಸಲಾರವು, ಹಾಗೆ ಮಾಡುವ ಅಧಿಕಾರ ನಮಗಿಲ್ಲ ಎಂದು ನೆನಪಿಸಿದರು. ಅವರಿಗಿಂತ ಏಳುನೂರು ವರ್ಷ ಹಿಂದೆಯೇ ಸಂತ ಥಾಮಸ್ ಅಕ್ವಿನಾಸರು ಸೃಷ್ಟಿಯಲ್ಲಿ ಇಷ್ಟೊಂದು ಬಗೆಯ ಜೀವಿಗಳೇಕೆ ಎಂಬ ಪ್ರಶ್ನೆಗೆ ಉತ್ತರಿಸಿದ್ದರು. ದೇವರ ಒಳ್ಳೆಯತನವನ್ನು ಯಾವ ಒಂದು ಜೀವಿಯೂ ಪೂರ್ಣವಾಗಿ ಬಿಂಬಿಸಲಾರದು, ಒಂದರಲ್ಲಿ ಕೊರತೆಯಾದದ್ದನ್ನು ಇನ್ನೊಂದು ತುಂಬಲಿ ಎಂದು ಆತ ಹಲವನ್ನು ಉಂಟುಮಾಡಿದ ಎಂಬುದು ಅವರ ವಿವರಣೆ. ಅಂದರೆ ರಣಹದ್ದೂ ಒಂದು ಚಿತ್ರವೇ. ಬರೆದವನು ಮಾತ್ರ ಬೇರೆ. ಯೋಬನ ಗ್ರಂಥದ 39ನೇ ಅಧ್ಯಾಯದಲ್ಲಿ ಸರ್ವೇಶ್ವರ ಆ ಹಕ್ಕಿಯನ್ನು ವರ್ಣಿಸುವುದನ್ನು ಓದಿ ನೋಡಿ. ಎತ್ತರದ ಬಂಡೆಯ ಗೂಡು, ದೂರ ಕಾಣುವ ಕಣ್ಣು, ರಕ್ತ ಹೀರುವ ಮರಿಗಳು, ಹೆಣವಿದ್ದಲ್ಲಿ ಅದರ ಹಾಜರಿ, ಯಾವುದನ್ನೂ ಬಿಟ್ಟಿಲ್ಲ, ಯಾವುದಕ್ಕೂ ಕ್ಷಮೆ ಕೇಳಿಲ್ಲ. ಯೋಬನಿಗೆ ಅದರಿಂದ ಏನು ಉಪಯೋಗ ಎಂಬ ಮಾತೂ ಅಲ್ಲಿಲ್ಲ.

ಒಂದು ಹಕ್ಕಿಯನ್ನು ಸರಿಯಾಗಿ ಬರೆಯಬೇಕಾದರೆ ಗಂಟೆಗಟ್ಟಲೆ ನೋಡಬೇಕು. ಕತ್ತಿನ ಬುಡದ ತುಪ್ಪುಳ, ರೆಕ್ಕೆಯ ಕೊನೆಯ ಬೆರಳಿನಂಥ ಗರಿಗಳು, ಕಣ್ಣಿನ ಸುತ್ತಣ ಸುಕ್ಕು ಇವೆಲ್ಲವನ್ನೂ ಕೈಯಿಂದ ಮತ್ತೆ ಮಾಡಬೇಕು. ಹಾಗೆ ನೋಡಿದವನಿಗೆ ಆ ಜೀವಿ ಮೊದಲಿನಂತೆ ‘ಒಂದು ಹಕ್ಕಿ’ಯಾಗಿ ಉಳಿಯುವುದಿಲ್ಲ. ಅರಿವು ಮೂಡಿಸುವ ಚಿತ್ರದಿಂದ ಮೊದಲು ಬದಲಾಗುವವನು ನೋಡುಗನಲ್ಲ, ಬರೆಯುವವನು. ಆದ್ದರಿಂದ ನಮ್ಮ ಮಕ್ಕಳ ಕೈಯಲ್ಲಿ ರಣಹದ್ದನ್ನು ಬರೆಯಿಸಬೇಕು ಎನ್ನುವುದು ಪ್ರದರ್ಶನದ ಗೋಡೆ ತುಂಬಲಿ ಎಂದಲ್ಲ. ಬರೆಯುತ್ತ ಮಗು ಇದರ ತಲೆ ಯಾಕೆ ಬೋಳು, ಇದು ಈಗ ಎಲ್ಲಿದೆ, ಯಾಕೆ ಇಷ್ಟೇ ಉಳಿದಿದೆ ಎಂದು ಕೇಳುತ್ತದೆ. ಉತ್ತರಿಸಲು ತಂದೆತಾಯಿಗಳು ತಿಳಿದುಕೊಳ್ಳಬೇಕಾಗುತ್ತದೆ. ದನ ಸಾಕಿರುವ ಮನೆಯಾದರೆ ಮುಂದಿನ ಸಲ ಹಸು ಮಲಗಿದಾಗ ದನದ ಡಾಕ್ಟರನ್ನು ‘ಇದು ಯಾವ ಮದ್ದು ಸ್ವಾಮಿ, ಮೆಲಾಕ್ಸಿಕಾಮ್ ಇದೆಯೇ?’ ಎಂದು ಕೇಳಬೇಕೆನಿಸುತ್ತದೆ. ಮೆಲಾಕ್ಸಿಕಾಮ್ ದನದ ನೋವನ್ನೂ ತಗ್ಗಿಸುತ್ತದೆ, ರಣಹದ್ದನ್ನೂ ಕೊಲ್ಲುವುದಿಲ್ಲ ಎಂಬುದು ಪರೀಕ್ಷೆಗಳಿಂದ ದೃಢಪಟ್ಟಿದೆ. ರೈತನ ಕರುಣೆಯನ್ನು ಬಿಡಬೇಕಾಗಿಲ್ಲ, ಸೀಸೆಯನ್ನು ಬದಲಿಸಿದರೆ ಸಾಕು.

ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರವನ್ನು ಅಂತರರಾಷ್ಟ್ರೀಯ ರಣಹದ್ದು ಜಾಗೃತಿ ದಿನವೆಂದು ಆಚರಿಸುತ್ತಾರೆ. ಅದೇ ತಿಂಗಳ ಒಂದನೆಯ ದಿನದಿಂದ ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬವಾದ ಅಕ್ಟೋಬರ್ 4ರವರೆಗೆ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಹಾಗಾಗಿ ಆ ಶನಿವಾರ ಪ್ರತಿ ವರ್ಷವೂ ಸೃಷ್ಟಿಯ ಕಾಲದೊಳಗೇ ಬರುತ್ತದೆ. ಮರುದಿನ ಭಾನುವಾರ, ಧರ್ಮೋಪದೇಶದ ತರಗತಿ ಹೇಗೂ ಇರುತ್ತದೆ. ಬೆಂಗಳೂರು, ಮೈಸೂರು ಕಡೆಯ ಧರ್ಮಕೇಂದ್ರದವರಿಗೆ ರಾಮನಗರ ದೂರವೇನಲ್ಲ. ವನ್ಯಧಾಮದ ನಿಯಮಗಳನ್ನು ವಿಚಾರಿಸಿಕೊಂಡು ಹೋಗಬಹುದು. ಬೆಟ್ಟದ ಬುಡದಲ್ಲಿ ನಿಂತು ತಲೆ ಎತ್ತಿದರೆ ಬಂಡೆಯ ಮುಖದ ಮೇಲೆ ಸುಣ್ಣ ಎರಚಿದಂಥ ಬಿಳಿಯ ಕಲೆಗಳನ್ನು ಹುಡುಕಬೇಕು. ಅವು ರಣಹದ್ದುಗಳು ತಲೆಮಾರುಗಳಿಂದ ಕೂರುತ್ತ ಬಂದ ಜಾಗಗಳ ಗುರುತು. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೂ ಗೂಡು ಕಟ್ಟುವಷ್ಟಾಗಲು ಸುಮಾರು ಐದು ವರ್ಷ ಬೇಕು.